ಬೇವೂರಿನ ಮಾಳಿಂಗಪ್ಪ ಗಣಿದಾರಿಗೆ ಬಂದ ವರ್ಷ

ಬಾದಾಮಿಯಿಂದ ಇಳಕಲ್ಲಿಗೆ ಹಿಂದಿರುಗುವ ಬಸ್ಸು ಅಮೀನಗಡದಲ್ಲಿ ಹತ್ತು ನಿಮಿಷ ನಿಲ್ಲುತ್ತದೆ. ಕಳೆದ ತಿಂಗಳು ಹಾಗೆ ನಿಂತಾಗ ಮೊಮ್ಮಕ್ಕಳಿಗೆಂದು ಕರದಂಟು ಕೊಳ್ಳಲು ಇಳಿದೆ. ಅಂಗಡಿಯ ಎದುರಿಗೆ ಕಲ್ಲು ಹೇರಿಕೊಂಡ ಲಾರಿಯೊಂದು ಆಗಷ್ಟೇ ಬಂದು ನಿಂತಿತ್ತು. ಅದರ ಗಾಲಿಗಳಿಂದ ಕಾದ ಬ್ರೇಕಿನ ಕಮಟು ವಾಸನೆ ಎದ್ದು, ಅಂಗಡಿಯೊಳಗಿನ ತುಪ್ಪ ಬೆಲ್ಲಗಳ ವಾಸನೆಯನ್ನು ಒಂದು ಕ್ಷಣ ಮುಚ್ಚಿಹಾಕಿತು. ಇಪ್ಪತ್ತು ವರ್ಷಗಳ ಹಿಂದೆ ಒಂದು ಚಳಿಗಾಲದ ಮಧ್ಯಾಹ್ನ ನನ್ನ ಮೂಗಿಗೆ ಬಡಿದಿದ್ದ ವಾಸನೆ ಅದೇ. ನಾನು ಅದನ್ನು ಗುರುತು ಹಿಡಿಯುವಷ್ಟರಲ್ಲಿ ಅಂಗಡಿಯವರು ಲಾರಿಯ ಚಾಲಕನನ್ನು ಚುಡಾಯಿಸತೊಡಗಿದ್ದರು.

"ಏನ್ ಬ್ರೇಕ್ ಹಿಡೀತಿಯೋ ಮಾರಾಯಾ! ನಮ್ಮ ಬೇವೂರ ಮಾಳಿಂಗಪ್ಪ ಬ್ರೇಕ್ ಮುಟ್ಟತಿರಲಿಲ್ಲ ನೋಡು. ಅಂಜಿಕಿ ಅನ್ನೂದ ಆ ಮನಷ್ಯಾಗ ಗೊತ್ತಿರಲಿಲ್ಲ. ದಾರಿ ಒಮ್ಮಿ ನೋಡಿದ್ನಂದ್ರ ಮುಗೀತು, ಕಣ್ಣ ಕಟ್ಟಿದ್ರೂ ಓಡಸ್ತಿದ್ದ. ಆ ವರ್ಷ ಇಲ್ಲೇ, ನಮ್ಮ ಇಳಕಲ್ಲ ಖಣಿಯೊಳಗ, ಇಡೀ ದೇಶದ ಪಟ್ಟ ಹೊಡದಾ!"

ಅವರು ಹೇಳಿದ ಮೂರು ಮಾತುಗಳಲ್ಲಿ ಮೂರೂ ನಿಜವಲ್ಲ. ಕೇಳಿದ್ದನ್ನು ಕೇಳಿದಂತೆ ನುಂಗುವ ಅಭ್ಯಾಸ ನನಗಿಲ್ಲವೆಂಬುದು ನಮ್ಮೂರಿನಲ್ಲಿ ಎಲ್ಲರಿಗೂ ಗೊತ್ತು. ಈ ಕಾರಣಕ್ಕೆ ನನ್ನನ್ನು ಮದುವೆಯ ಮಾತುಕತೆಗಳಿಗೆ ಕರೆಯುವುದನ್ನು ಬಂಧುಗಳು ಬಿಟ್ಟೇ ಎಷ್ಟೋ ವರ್ಷಗಳಾದವು. ಆದ್ದರಿಂದ ಅಂಗಡಿಯವರ ಮೊದಲೆರಡು ಮಾತುಗಳನ್ನು ಅಲ್ಲಿಯೇ ನಿಂತು ತಿದ್ದಿದೆ. ಮೂರನೆಯದಕ್ಕೆ ಬರುವಾಗ ಮಾತ್ರ, ಬಸ್ಸಿನ ಕಂಡಕ್ಟರು ಸೀಟಿ ಊದಿದರೆಂದು ನೆಪ ಹೂಡಿ ಹೊರಟು ಬಂದೆ. ಕಂಡಕ್ಟರು ಇನ್ನೂ ಚಹಾ ಕುಡಿಯುತ್ತಿದ್ದರು. ಆ ಮೂರನೆಯ ಮಾತನ್ನು ತಿದ್ದಲು ನನಗೆ ಇಷ್ಟು ಕಾಲ ಏಕೆ ಬೇಕಾಯಿತು ಎಂಬುದನ್ನೇ ಇಲ್ಲಿ ಬರೆಯಬೇಕೆಂದಿದ್ದೇನೆ.

ನಾನು ಇಳಕಲ್ಲಿನ ನೇಕಾರರ ಮನೆಯಲ್ಲಿ ಹುಟ್ಟಿದವನು. ಏಳನೆಯ ಇಯತ್ತೆಗೆ ಸಾಲೆ ಬಿಟ್ಟು ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಕೂತೆ. ಇಪ್ಪತ್ತೆರಡನೆಯ ವಯಸ್ಸಿಗೆ ಮಗ್ಗ ಬಿಟ್ಟು ಗಡಿಯಾರ ರಿಪೇರಿಗೆ ಇಳಿದೆ. ಎಳೆ ಎಣಿಸುತ್ತಿದ್ದ ಕಣ್ಣು ಹಲ್ಲುಗಾಲಿ ಎಣಿಸತೊಡಗಿತು, ಅಷ್ಟೇ ವ್ಯತ್ಯಾಸ. ಇಂಗ್ಲಿಷನ್ನು ಗಡಿಯಾರದ ಕಂಪನಿಗಳ ಕೈಪಿಡಿಗಳಿಂದಲೂ ಒಂದು ಹರಕು ನಿಘಂಟಿನಿಂದಲೂ ಕಲಿತೆ. ಎರಡು ಸಾವಿರದ ಇಸವಿ ದಾಟಿ ಎರಡು ಮೂರು ವರ್ಷಗಳಾಗಿದ್ದ ಆ ಹೊತ್ತಿಗೆ ನನ್ನ ಕಸುಬು ಸಣ್ಣದಾಗಿತ್ತು. ಅಂಗಡಿಗೆ ಬರುವವರಿಗಿಂತ ಬಂದು ಕೂತು ಹರಟುವವರೇ ಹೆಚ್ಚು.

ಆ ವರ್ಷ ಹಿಂಗಾರಿ ಚೆನ್ನಾಗಿ ಬಿದ್ದಿತ್ತು. ದೀಪಾವಳಿ ಮುಗಿದು ಎರೆಹೊಲಗಳಲ್ಲಿ ಬಿಳಿಜೋಳ ಮೊಣಕಾಲೆತ್ತರಕ್ಕೆ ಬಂದಿತ್ತು. ಬೆಳಗಿನ ಇಬ್ಬನಿಗೆ ಹಾದಿಯ ಮಣ್ಣು ಮೆತ್ತಗಾಗಿ, ಹತ್ತು ಗಂಟೆಯ ಬಿಸಿಲಿಗೆ ಮತ್ತೆ ಹೆಂಟೆಗಟ್ಟುತ್ತಿತ್ತು. ಆಗಲೇ ಬಾದಾಮಿಯ ಒಂದು ವಸತಿಗೃಹದಲ್ಲಿ ಮೋಟಾರು ರ‍್ಯಾಲಿಯವರು ಬಂದಿಳಿದಿದ್ದಾರೆಂಬ ಸುದ್ದಿ ಬಂತು. ಚೊಳಚಗುಡ್ಡದ ಕೆಂಪು ಮಣ್ಣಿನ ದಾರಿಗಳಲ್ಲಿ ಆರಂಭವಾಗಿ, ಪಟ್ಟದಕಲ್ಲು, ಅಮೀನಗಡ, ಹುನಗುಂದಗಳನ್ನು ಹಾಯ್ದು, ಇಳಕಲ್ಲಿನ ಹೊರಗಿನ ಕೆಂಪುಕಲ್ಲಿನ ಗಣಿಗಳಲ್ಲಿ ಅದು ಮುಗಿಯುವುದಿತ್ತು. ಸಮಯ ಬರೆದುಕೊಳ್ಳಲು ಸ್ಥಳೀಯರು ಬೇಕಾಗಿದ್ದಾರೆಂದು ತಿಳಿದು ನಾನೂ ಹೋದೆ.

ಅಲ್ಲಿನ ಮುಖ್ಯಾಧಿಕಾರಿಗಳು ಮೈಸೂರು ಕಡೆಯವರು, ಸೈನ್ಯದಿಂದ ನಿವೃತ್ತರಾದವರು. ನಾನು ಕೂರುವ ಮೊದಲೇ ಮೇಜಿನ ಮೇಲಿದ್ದ ಅವರ ಗಡಿಯಾರವನ್ನು ನನ್ನದರೊಡನೆ ಹೋಲಿಸಿ ನೋಡಿ, "ಇದು ನಾಲ್ಕು ಸೆಕೆಂಡ್ ಹಿಂದ ಐತ್ರಿ" ಅಂದೆ. ಅವರು ನಂಬಲಿಲ್ಲ. ರೇಡಿಯೋದ ಸಮಯದ ಸದ್ದಿಗೆ ಇಬ್ಬರೂ ಕಾದು ಕೂತೆವು. ನಾಲ್ಕು ಸೆಕೆಂಡು ಹಿಂದೆಯೇ ಇತ್ತು.

"ಸ್ವಾಮಿ, ನೀವು ಯಾರ ಮಾತನ್ನೂ ಕೇಳೋದಿಲ್ಲ ಅಂತ ಕಾಣುತ್ತೆ" ಎಂದರು ಅವರು.

"ಕೇಳ್ತೇನ್ರಿ. ನಂಬಾಂಗಿಲ್ಲ."

"ಹಾಗಾದ್ರೆ ಕೊನೇ ಮೇಜು ನಿಮಗೇ."

ಕೊಟ್ಟ ನಿಯಮಾವಳಿಯನ್ನು ಮೂರು ದಿನ ನಿಘಂಟು ಹಿಡಿದು ಓದಿದೆ. ರ‍್ಯಾಲಿಯೆಂದರೆ ಎಲ್ಲ ಗಾಡಿಗಳೂ ಒಟ್ಟಿಗೆ ಓಡುವ ಪಂದ್ಯವಲ್ಲ. ಜನಸಂಚಾರ ನಿಲ್ಲಿಸಿದ ಕೆಲವು ದಾರಿಗಳಲ್ಲಿ ಒಂದೊಂದೇ ಗಾಡಿಯನ್ನು ಬಿಡುತ್ತಾರೆ. ಆ ಓಟಗಳ ಸಮಯ ಕೂಡಿಸಿ ಗೆಲುವು ನಿರ್ಧರಿಸುತ್ತಾರೆ. ಒಂದು ಓಟದಿಂದ ಇನ್ನೊಂದು ಓಟಕ್ಕೆ ಸಾಮಾನ್ಯ ರಸ್ತೆಯಲ್ಲಿ ಎಲ್ಲರಂತೆ ಬರಬೇಕು, ಮತ್ತು ಗೊತ್ತುಪಡಿಸಿದ ನಿಮಿಷಕ್ಕೆ ಸರಿಯಾಗಿ ಮೇಜು ತಲುಪಬೇಕು. ಮೇಜಿಗೆ ಇಪ್ಪತ್ತು ಮಾರು ಮೊದಲು ಒಂದು ಹಳದಿ ಫಲಕ ನೆಟ್ಟಿರುತ್ತಾರೆ. ಗಾಡಿಯ ಮುಂದಿನ ಗಾಲಿ ಆ ಫಲಕ ದಾಟಿದ ನಿಮಿಷವೇ ಅದು ಬಂದ ನಿಮಿಷ. ತಡವಾಗಿ ಬಂದರೆ ನಿಮಿಷಕ್ಕೆ ಹತ್ತು ಸೆಕೆಂಡು ದಂಡ. ಮುಂಚೆ ಬಂದರೆ ನಿಮಿಷಕ್ಕೆ ಪೂರ್ತಿ ಒಂದು ನಿಮಿಷ ದಂಡ. ಇದನ್ನು ನಾನು ನಾಲ್ಕು ಸಲ ಓದಿ ಖಚಿತಪಡಿಸಿಕೊಂಡೆ. ಲಗು ಬಂದವನಿಗೆ ಹೆಚ್ಚಿನ ಶಿಕ್ಷೆ ಕೊಡುವ ಆಟವೊಂದು ಭೂಮಿಯ ಮೇಲಿದೆಯೆಂದು ನಮ್ಮ ಕಡೆ ಯಾರಿಗೆ ಹೇಳಿದರೂ ನಗುತ್ತಿದ್ದರು.

ಪಂದ್ಯಕ್ಕೆ ಹತ್ತು ದಿನ ಮೊದಲು ಮಾಳಿಂಗಪ್ಪ ಗಣಿದಾರಿ ನೋಡಲು ಬಂದ. ಬಾಗಲಕೋಟೆ ತಾಲೂಕಿನ ಬೇವೂರಿನವನು. ತಂದೆ ಬೇಗ ತೀರಿಕೊಂಡಿದ್ದರಿಂದ ಸೋದರಮಾವ ಯಮನಪ್ಪನವರ ಮನೆಯಲ್ಲಿ ಬೆಳೆದವನು. ಬೀರಪ್ಪ ದೇವರ ಒಕ್ಕಲಿನ, ಕುರಿ ಹೊಲಗಳ ಮನೆತನ. ಮಾವನ ಟ್ರ್ಯಾಕ್ಟರಿನಲ್ಲಿ ಸ್ಟಿಯರಿಂಗ್ ಹಿಡಿದು, ಬಾದಾಮಿ-ಬಾಗಲಕೋಟೆ ನಡುವೆ ಜನ ಹೇರುವ ಟ್ರ್ಯಾಕ್ಸ್ ಓಡಿಸಿ, ಪುಣೆಯ ಒಂದು ಗ್ಯಾರೇಜಿಗೆ ಕೆಲಸಕ್ಕೆ ಹೋದವನು, ಅಲ್ಲಿ ರ‍್ಯಾಲಿಯ ಗಾಡಿಗಳನ್ನು ಸಿದ್ಧಪಡಿಸುತ್ತ ಒಂದು ದಿನ ತಾನೇ ಓಡಿಸಿದ. ಅಷ್ಟರಲ್ಲಾಗಲೇ ಎರಡು ಬಾರಿ ದೇಶದ ಪಟ್ಟ ಗೆದ್ದಿದ್ದ. ಮೂರನೆಯದೂ ಬಂದರೆ ಕಂಪನಿಯೊಂದು ಮುಂದಿನ ವರ್ಷಗಳಿಗೆ ಗಾಡಿ ಕೊಡುವುದಾಗಿ ಒಪ್ಪಿತ್ತು, ಬಾರದಿದ್ದರೆ ಇಲ್ಲ. ವರ್ಷದ ಎಲ್ಲ ಪಂದ್ಯಗಳ ಅಂಕ ಕೂಡಿಸಿ ಕೊಡುವ ಪಟ್ಟ ಅದು; ಆ ವರ್ಷದ ಕೊನೆಯ ಪಂದ್ಯ ನಮ್ಮದೇ. ಪಟ್ಟ ಬೇಕಾದರೆ ಇಲ್ಲಿ ಅವನು ಮೊದಲಿಗನಾಗಲೇಬೇಕು.

ಗಾಳಿಯಂತೆ ಬಂದು ಗಾಳಿಯಂತೆ ಹೋಗುವ ಮನುಷ್ಯನನ್ನು ನಿರೀಕ್ಷಿಸಿದ್ದೆ. ಅವನು ಸಾವಕಾಶವಾಗಿ ಗಾಡಿ ನಿಲ್ಲಿಸಿ ಇಳಿದು, ಚಪ್ಪಲಿ ಬಿಟ್ಟು, ದಾರಿಯ ಮೇಲೆ ಬರಿಗಾಲಿನಲ್ಲಿ ನಡೆದ. ಜೊತೆಗೆ ಅವನ ಸಹಚಾಲಕ ಶಿರೀಷ, ಪುಣೆಯವನು, ಕೈಯಲ್ಲೊಂದು ನೋಟುಬುಕ್ಕು. ಓಟದಲ್ಲಿ ಪ್ರತಿ ತಿರುವನ್ನೂ ಮೊದಲೇ ಓದಿ ಹೇಳುವುದು ಸಹಚಾಲಕನ ಕೆಲಸ. ಲಾರಿಗಳು ಕೊರೆದ ಕೊರಕಲು, ಗಣಿಯಿಂದ ಚೆಲ್ಲಿದ ಕಲ್ಲಿನ ಚೂರು, ಇಳಿಜಾರಿನ ಕೊನೆಯಲ್ಲಿ ಇದ್ದಕ್ಕಿದ್ದಂತೆ ಬಲಕ್ಕೆ ಕತ್ತರಿಸುವ ತಿರುವು, ಎಲ್ಲದರ ಹತ್ತಿರವೂ ಮಾಳಿಂಗಪ್ಪ ಕುಕ್ಕರುಗಾಲಿನಲ್ಲಿ ಕೂತು ಮಣ್ಣು ಮುಟ್ಟಿ ನೋಡಿ ಒಂದು ಮಾತು ಹೇಳುತ್ತಿದ್ದ, ಶಿರೀಷ ಬರೆದುಕೊಳ್ಳುತ್ತಿದ್ದ. ಇಪ್ಪತ್ತು ಕಿಲೋಮೀಟರಿಗೆ ಇಡೀ ಒಂದು ದಿನ ಹಿಡಿಯಿತು.

ದಾರಿ ತೋರಿಸಲು ಹೋಗಿದ್ದ ನನ್ನನ್ನು ಅವನು ಕೇಳಿದ ಪ್ರಶ್ನೆಗಳು ಇಂದಿಗೂ ನೆನಪಿವೆ.

"ಕಾಕಾ, ಹನ್ನೆರಡ ಗಂಟೇಕ್ಕ ಈ ತಿರುವಿನ್ಯಾಗ ಬಿಸಲ ಕಣ್ಣಿಗೆ ಹೊಡೀತೈತೇನ್ರಿ?"

"ಚಳಿಗಾಲದಾಗ ಹೊಡೀತೈತಿ."

"ಬರಕೊ ಶಿರೀಷ."

ಒಂದು ದಿಣ್ಣೆಯ ಮೇಲೆ ದಾರಿಗೆ ಅಡ್ಡವಾಗಿ ಸಣ್ಣ ಕಾಲುಹಾದಿ ಹೋಗುತ್ತಿತ್ತು. ಹತ್ತಿರದಲ್ಲಿ ಕುರಿ ಮೇಯಿಸುತ್ತಿದ್ದ ಮುದುಕನನ್ನು ಕೂಗಿ ಕರೆದು ಕೇಳಿದ: "ಅಪ್ಪಾ, ಕುರಿ ನೀರಿಗೆ ಯಾವ ಹೊತ್ತಿಗೆ ಇಳೀತಾವು?"

"ಹೊತ್ತ ನೆತ್ತಿಗೆ ಬಂದಾಗ ಇಲ್ಲೇ ಹಾಯತಾವಪಾ. ಬಂದ್ರ ಬಂದೂವು, ಇಲ್ಲಂದ್ರ ಇಲ್ಲ."

ಮಾಳಿಂಗಪ್ಪ ನೋಟುಬುಕ್ಕಿನಲ್ಲಿ ತಾನೇ 'ಕುರಿ' ಎಂದು ಬರೆದು ಎರಡು ಗೆರೆ ಎಳೆದ.

"ಅವತ್ತ ಪೊಲೀಸರು ದಾರಿ ಬಂದ್ ಮಾಡಿರ್ತಾರಲ್ಲೋ" ಅಂದೆ ನಾನು.

"ಮನಷ್ಯಾರನ್ನ ಬಂದ್ ಮಾಡ್ತಾರ್ರಿ. ಕುರಿಗೆ ಯಾರ ಹೇಳ್ತಾರು?" ಎಂದು ನಕ್ಕ. ಆಮೇಲೆ ನಗು ನಿಲ್ಲಿಸಿ, "ಕಾಕಾ, ಮಂದಿ ನನಗ ಅಂಜಿಕಿ ಇಲ್ಲ ಅಂತಾರ. ನಾ ಅಂಜಿದಷ್ಟ ಯಾರೂ ಅಂಜಾಂಗಿಲ್ಲ. ಅಂಜಿಕೀನ ಒಂದೊಂದ ತುಂಡ ಮಾಡಿ ಈ ಬುಕ್ಕಿನ್ಯಾಗ ಇಡ್ತೇನಿ. ಆಮ್ಯಾಲ ಅದು ಬುಕ್ಕಿನ್ಯಾಗ ಇರ್ತೈತಿ, ನನ್ನ ಹೊಟ್ಯಾಗ ಇರಾಂಗಿಲ್ಲ" ಅಂದ.

ಮಗ್ಗದ ಮೇಲೆ ಹತ್ತು ವರ್ಷ, ಗಡಿಯಾರದ ಮುಂದೆ ಮೂವತ್ತು ವರ್ಷ ಕೂತು ನಾನು ಕಲಿತದ್ದನ್ನು ಅವನು ಮೂರು ಮಾತಿನಲ್ಲಿ ಹೇಳಿಬಿಟ್ಟಿದ್ದ. ಅಂದು ಸಂಜೆ ಮನೆಗೆ ಬಂದು ನನ್ನ ಹೆಂಡತಿಗೆ, ದೊಡ್ಡ ಕೆಲಸಗಾರನೊಬ್ಬನನ್ನು ನೋಡಿ ಬಂದೆ ಎಂದೆ. ನನ್ನ ಬಾಯಿಂದ ಯಾರ ಹೊಗಳಿಕೆಯೂ ಬಂದದ್ದನ್ನು ಕೇಳಿರದ ಅವಳು, ಜ್ವರ ಬಂದಿದೆಯೇ ಎಂದು ಹಣೆ ಮುಟ್ಟಿ ನೋಡಿದಳು.

ಪಂದ್ಯದ ಎರಡನೆಯ ದಿನ ಬೆಳಿಗ್ಗೆ ಗಣಿಯ ಬಾಯಿಯಲ್ಲಿ ನನ್ನ ಮೇಜು ಹಾಕಿದರು. ತೆಳುವಾದ ಬಿಸಿಲು, ಮೂಡಣದಿಂದ ಒಣಗಾಳಿ. ಮೇಜಿನ ಕಡೆಗೆ ದಾರಿ ಸ್ವಲ್ಪ ಇಳಿಜಾರು. ಹುನಗುಂದದಿಂದ, ಇಳಕಲ್ಲಿನಿಂದ ಸಾವಿರಾರು ಜನ ಕಲ್ಲುಗಳ ಮೇಲೆ ಹತ್ತಿ ಕೂತಿದ್ದರು. ಬೇವೂರಿನವರು ಟ್ರ್ಯಾಕ್ಟರಿನ ಟ್ರೇಲಿಯಲ್ಲಿ ಬಂದಿದ್ದರು; ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಬೀರಪ್ಪನ ಭಂಡಾರದ, ಎಂದರೆ ಅರಿಸಿನಪುಡಿಯ, ಚೀಲ. ಮುಂದಾಳಾಗಿ ಬಿಳಿ ರುಮಾಲಿನ ಎತ್ತರದ ಮುದುಕ ಯಮನಪ್ಪನವರು. ನಮ್ಮ ಹುಡುಗನ ಗಾಡಿಗೆ ಭಂಡಾರ ಹಚ್ಚಲು ಬಂದಿದ್ದೇವೆ, ಎಲ್ಲಿ ಹಚ್ಚಬಹುದು ಎಂದು ನನ್ನನ್ನು ಕೇಳಿದರು. ಹಳದಿ ಫಲಕದ ಈಚೆಗೆ ನನ್ನ ಸರಹದ್ದು, ಆಚೆಗೆ ನಿಮ್ಮ ಇಷ್ಟ ಎಂದೆ. ಈ ಮಾತನ್ನು ಆಮೇಲೆ ಬಹಳ ಸಲ ಮನಸ್ಸಿನಲ್ಲಿ ತಿರುಗಿಸಿ ನೋಡಿದ್ದೇನೆ.

ಮಾಳಿಂಗಪ್ಪ ಬರುವಾಗ ಹತ್ತಿರದ ಎದುರಾಳಿಗಿಂತ ಎರಡು ನಿಮಿಷ ಹತ್ತು ಸೆಕೆಂಡು ಮುಂದಿದ್ದ. ಕೊನೆಯ ಓಟವೊಂದೇ ಬಾಕಿ; ಅದಕ್ಕೆ ಮುಂದಿರುವವನನ್ನು ಎಲ್ಲರಿಗಿಂತ ಕೊನೆಗೆ ಬಿಡುತ್ತಿದ್ದರು. ನನ್ನ ಮೇಜಿಗೆ ಅವನ ನಿಮಿಷ ಹನ್ನೊಂದು ನಲವತ್ತೈದು. ಹನ್ನೊಂದು ಮೂವತ್ತೆಂಟಕ್ಕೇ ಬಂದು, ಫಲಕಕ್ಕೆ ಒಂದು ಮಾರು ದೂರದಲ್ಲಿ ಬಿಳಿಯ ಗಾಡಿ ನಿಲ್ಲಿಸಿದ. ಹಿಂದಿನ ಓಟದ ಕಾವಿಗೆ ಬ್ರೇಕುಗಳು ಇನ್ನೂ ಹೊಗೆಯಾಡುತ್ತಿದ್ದವು. ಅಷ್ಟು ಕಾದ ಗಾಲಿಗೆ ಕೈಬ್ರೇಕು ಎಳೆದರೆ ಅದು ಕಚ್ಚಿಕೊಳ್ಳುತ್ತದೆ. ಅದಕ್ಕೆ ಎಂಜಿನ್ ನಿಲ್ಲಿಸಿ, ನಮ್ಮ ಕಡೆಯ ಲಾರಿಯವರಂತೆಯೇ ಮುಂದಿನ ಗಾಲಿಗೆ ಒಂದು ಕಲ್ಲು ಕೊಟ್ಟ. ಶಿರೀಷ ಗಡಿಯಾರ ನೋಡಲು ನನ್ನ ಮೇಜಿಗೆ ಬಂದ. ಮಾಳಿಂಗಪ್ಪ ಮಾವನ ಕಾಲು ಮುಟ್ಟಿ, ಒಂದು ಬಂಡೆಯ ಹಿಂದೆ ಮೂತ್ರಕ್ಕೆ ಹೋದ.

ಆಗ ಬೇವೂರಿನವರು ಕಂಡದ್ದಿಷ್ಟು: ಮಿಕ್ಕ ಗಾಡಿಗಳೆಲ್ಲ ಗುಡುಗುತ್ತ ಮೇಜಿಗೆ ಬಂದು ಹೋಗಿವೆ, ನಮ್ಮ ಹುಡುಗನ ಗಾಡಿ ಮಾತ್ರ ಹೊಗೆ ಬಿಡುತ್ತ, ಸದ್ದಿಲ್ಲದೆ, ಫಲಕಕ್ಕೆ ಒಂದು ಮಾರು ಹಿಂದೆಯೇ ನಿಂತುಬಿಟ್ಟಿದೆ. ಕೆಟ್ಟು ನಿಂತ ಗಾಡಿಯನ್ನು ಕೈಕಟ್ಟಿ ನೋಡುವವರು ನಮ್ಮ ಸೀಮೆಯಲ್ಲಿ ಇಲ್ಲ. ಎರೆಮಣ್ಣಿನಲ್ಲಿ ಹೂತ ಬಸ್ಸಿರಲಿ, ಸ್ಟಾರ್ಟ್ ಆಗದ ಜೀಪಿರಲಿ, ದಾರಿಯಲ್ಲಿ ಹೋಗುವವರು ಯಾರದೆಂದು ಕೇಳುವ ಮೊದಲೇ ಹೆಗಲು ಕೊಟ್ಟಿರುತ್ತಾರೆ.

"ಏ, ಹುಡಗನ ಗಾಡಿ ಬಂದ್ ಬಿದ್ದೈತಲೇ! ಟೈಮ್ ಹೊಂಟೈತಿ! ನೋಡ್ಕೋಂತ ನಿಂತೀರಲಾ, ನೂಕ್ರಿಲೇ!"

ಯಮನಪ್ಪನವರ ಆ ಕೂಗು ನನಗೆ ಕೇಳಿಸಿತು. ಕಲ್ಲು ಸರಿದದ್ದನ್ನು ಕಂಡೆ. ಭಂಡಾರ ಹಿಡಿದಿದ್ದ ಎಂಟು ಕೈಗಳು ಗಾಡಿಯ ಬೆನ್ನಿಗೆ ಬಿದ್ದವು. "ಬ್ಯಾಡ್ರಿ! ನಿಂದರ‍್ರಿ!" ಎಂದು ನಾನು ಎದ್ದು ಕೂಗಿದೆ. ಶಿರೀಷ ಓಡಿಹೋಗಿ ಎದೆ ಕೊಟ್ಟ. ಅಷ್ಟರಲ್ಲಿ ಇಳಿಜಾರಿನಲ್ಲಿ ಗಾಡಿ ಉರುಳಿ ಮುಂದಿನ ಗಾಲಿ ಹಳದಿ ಫಲಕವನ್ನು ದಾಟಿತ್ತು. ಗಡಿಯಾರ ನೋಡಿದೆ. ಹನ್ನೊಂದು ನಲವತ್ತೆರಡು.

ಮೂರು ನಿಮಿಷ ಮುಂಚೆ. ಮೂರು ನಿಮಿಷ ದಂಡ. ಎರಡು ನಿಮಿಷ ಹತ್ತು ಸೆಕೆಂಡು ಮುಂದಿದ್ದವನು ಐವತ್ತು ಸೆಕೆಂಡು ಹಿಂದೆ ಬಿದ್ದಿದ್ದ.

ಬೇವೂರಿನವರು ಗೆದ್ದವರಂತೆ ಕೇಕೆ ಹಾಕುತ್ತಿದ್ದರು. ಶಿರೀಷ ನೆಲದ ಮೇಲೆ ಕೂತುಬಿಟ್ಟಿದ್ದ. ಬಂಡೆಯ ಹಿಂದಿನಿಂದ ಬಂದ ಮಾಳಿಂಗಪ್ಪ ಗಾಡಿ ಇರುವ ಜಾಗ ನೋಡಿದ, ಫಲಕ ನೋಡಿದ, ನನ್ನ ಮುಖ ನೋಡಿದ. ನಾನು ನಿಯಮಾವಳಿ ತೆರೆದು ತೋರಿಸಿದೆ. ಇನ್ನೊಂದು ನಿಯಮವೂ ಇತ್ತು: ಫಲಕದೊಳಗೆ ಹೊರಗಿನವರ ಸಹಾಯ ಪಡೆದ ಗಾಡಿ ಪಂದ್ಯದಿಂದಲೇ ಹೊರಗೆ. ನನ್ನ ಹಾಳೆಯಲ್ಲಿ ಸಮಯಕ್ಕೆ ಒಂದು ಕಾಲಮು, ಷರಾಕ್ಕೆ ಒಂದು ಕಾಲಮು. ಜನ ನೂಕಿದರೆಂದು ಷರಾ ಬರೆದರೆ ಅವನನ್ನು ಪೂರ್ತಿ ಹೊರಗಟ್ಟಬಹುದು. ಬರೆಯದಿದ್ದರೆ ಬರೀ ಮೂರು ನಿಮಿಷ.

ಗಾಡಿಯ ಬಿಳಿಯ ಬೆನ್ನ ಮೇಲೆ ಎಂಟು ಹಳದಿ ಅಂಗೈಗಳು ಒತ್ತಿ ಕೂತಿದ್ದವು. ಭಂಡಾರ ಹಚ್ಚಿದ್ದು ಎಂದು ಹೇಳಿದ್ದರೆ ಯಾರೂ ಅಲ್ಲಗಳೆಯುವಂತಿರಲಿಲ್ಲ.

"ಏನ ಬರೀಲಿ?" ಎಂದು ಕೇಳಿದೆ. ಐವತ್ತು ವರ್ಷ ದಾಟಿದ ಮೇಲೆ, ಏನು ಬರೆಯಬೇಕೆಂದು ಇನ್ನೊಬ್ಬರನ್ನು ಕೇಳಿದ್ದು ಅದೊಂದೇ ಸಲ.

"ಕಂಡದ್ದ ಬರೀರಿ ಕಾಕಾ. ನೀವು ಬ್ಯಾರೆ ಬರದ್ರ ಗಡಿಯಾರ ಯಾಕ ಬೇಕು?"

ನಾನು ಬರೆದೆ: 'ಹನ್ನೊಂದು ನಲವತ್ತೆರಡು. ಚಾಲಕ, ಸಹಚಾಲಕ ಇಬ್ಬರೂ ಗಾಡಿಯಲ್ಲಿರಲಿಲ್ಲ. ಗಾಡಿ ಕೆಟ್ಟಿದೆಯೆಂದು ಭಾವಿಸಿ ಜನ ತಾವಾಗಿ ನೂಕಿದರು. ಚಾಲಕ ಕೇಳಿರಲಿಲ್ಲ.' ಅವನು ಓದಿ, ಸಹಿ ಹಾಕಿದ.

ಅಷ್ಟರಲ್ಲಿ ಯಮನಪ್ಪನವರು ಏದುಸಿರು ಬಿಡುತ್ತ ಬಂದರು. "ಯಾಕಪಾ, ಹೊತ್ತಿಗೆ ಮುಟ್ಟಿತೇನು? ಗಾಡಿ ಬಂದ್ ಬಿದ್ದಿತ್ತಲಾ, ನಾವ ನೂಕಿದಿವಿ."

ಮಾಳಿಂಗಪ್ಪ ಶಿರಸ್ತ್ರಾಣ ಕೈಗೆತ್ತಿಕೊಂಡು ಮಾವನ ಭುಜ ಹಿಡಿದ. "ಚಲೋ ಆತು ಮಾಮಾ. ನೀವು ಇಲ್ಲದಿದ್ರ ಇವತ್ತ ನನ್ನ ಗತಿ ಏನ ಇತ್ತು?"

ಅದರಲ್ಲಿ ಕೊಂಕು ಇತ್ತೇನೋ ಎಂದು ನಾನು ಕಿವಿಗೊಟ್ಟೆ. ಕೊಂಕು ಹುಡುಕುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ. ಇರಲಿಲ್ಲ. ಮುದುಕರು ಸಂತೋಷದಿಂದ ಅವನ ಹಣೆಗೆ ಭಂಡಾರ ಬಳಿದರು. ತುಸು ಹೊತ್ತಿನ ಹಿಂದೆ ತನ್ನ ವರ್ಷದ ದುಡಿಮೆಯನ್ನು ಕೈಯಾರೆ ಉರುಳಿಸಿದವರ ಮುಂದೆ ತಲೆಬಾಗಿ ನಿಂತು ಅವನು ಅದನ್ನು ಹಚ್ಚಿಸಿಕೊಂಡ.

ಮುಂದಿನದನ್ನು ನಾನು ಗಣಿಯ ಕಲ್ಲುಗುಡ್ಡೆಯ ಮೇಲಿಂದ ಕಂಡೆ. ನನ್ನ ಕೆಲಸ ಮುಗಿದಿತ್ತು. ದಾರಿ ಆ ಗುಡ್ಡೆಯ ಸುತ್ತಲೇ ಸುತ್ತುತ್ತಿದ್ದುದರಿಂದ ಅದರ ಬಹುಪಾಲು ಅಲ್ಲಿಂದ ಕಾಣುತ್ತಿತ್ತು. ಉಳಿದ ಗಾಡಿಗಳು ಹೋಗುವುದನ್ನು ಮೊದಲೇ ನೋಡಿದ್ದೆ: ತಿರುವಿಗೆ ಬಂದು, ಅಳುಕಿ, ತಿರುಗಿ, ಮತ್ತೆ ಜೀವ ಹಿಡಿಯುತ್ತಿದ್ದವು. ಮಾಳಿಂಗಪ್ಪನ ಗಾಡಿ ಹಾಗೆ ಹೋಗಲಿಲ್ಲ. ತಿರುವು ಇನ್ನೂ ಇಪ್ಪತ್ತು ಮಾರು ದೂರವಿರುವಾಗಲೇ ಅದು ಪಕ್ಕಕ್ಕೆ ಹೊರಳಿ, ಏಡಿಯಂತೆ ಅಡ್ಡಡ್ಡ ಜಾರುತ್ತ ಬಂದು, ತಿರುವು ತಲುಪುವ ಹೊತ್ತಿಗೆ ಮುಂದಿನ ದಾರಿಗೆ ಮುಖ ಮಾಡಿರುತ್ತಿತ್ತು. ಎಂಜಿನ್ನಿನ ದನಿ ಎಲ್ಲಿಯೂ ಮುರಿಯಲಿಲ್ಲ. ಲಾಳಿ ಓಡುವಾಗ ಒಳ್ಳೆಯ ನೇಕಾರನ ಕೈ ಎಲ್ಲಿ ಮುಗಿಯಿತು, ಕಾಲು ಎಲ್ಲಿ ಆರಂಭವಾಯಿತು ಎಂದು ತಿಳಿಯುವುದಿಲ್ಲ, ಅದು ಹಾಗಿತ್ತು. ಒಂದು ಏರು ಹತ್ತಿ ಗಾಡಿ ಆಕಾಶಕ್ಕೆ ಎದ್ದಾಗ ಅದರ ಬೆನ್ನಿನ ಎಂಟು ಹಳದಿ ಅಂಗೈಗಳು ನನಗೆ ಸ್ಪಷ್ಟವಾಗಿ ಕಂಡವು. ಆ ಕೈಗಳೇ ಇನ್ನೂ ಅದನ್ನು ನೂಕುತ್ತಿದ್ದಂತೆ ಇತ್ತು. ದೇವರ ವಿಚಾರದಲ್ಲಿ ನನಗೆ ನಿಶ್ಚಿತ ಅಭಿಪ್ರಾಯವಿಲ್ಲ. ಆದರೆ ಆ ಕ್ಷಣ ನಾನು ಟೊಪ್ಪಿಗೆ ತೆಗೆದಿದ್ದೆನೆಂಬುದು ಕೈಯಲ್ಲಿ ಅದನ್ನು ಕಂಡಾಗಲೇ ನನಗೆ ತಿಳಿದದ್ದು.

ಕಾಲುಹಾದಿ ಅಡ್ಡ ಹಾಯುವ ದಿಣ್ಣೆ ಬಂತು. ಅಲ್ಲಿ, ಇಡೀ ಓಟದಲ್ಲಿ ಒಮ್ಮೆ ಮಾತ್ರ, ಎಂಜಿನ್ನಿನ ದನಿ ತಗ್ಗಿತು. ದಿಣ್ಣೆಯ ಆಚೆ ಏನಿದೆಯೆಂದು ಅವನಿಗೆ ಕಾಣುತ್ತಿರಲಿಲ್ಲ, ನನಗೆ ಕಾಣುತ್ತಿತ್ತು. ದಾರಿ ಬರಿದಾಗಿತ್ತು. ಕುರಿ ಇರಲಿಲ್ಲ. ಇರಬಹುದಿತ್ತು. ಪಟ್ಟವೂ ಮುಂದಿನ ಬದುಕೂ ಸೆಕೆಂಡುಗಳ ಮೇಲೆ ನಿಂತಿರುವಾಗ, ಹತ್ತು ದಿನ ಹಿಂದೆ ಮುದುಕನೊಬ್ಬ ಹೇಳಿದ ಮಾತಿಗೆ ಅವನು ಆಕ್ಸಿಲರೇಟರಿನಿಂದ ಕಾಲು ಎತ್ತಿದ. ಅವನ ಎಲ್ಲ ತಿರುವುಗಳಿಗಿಂತ ಆ ಒಂದು ತಗ್ಗಿದ ದನಿಗೆ ನಾನು ಹೆಚ್ಚು ಬೆರಗಾದೆ.

ಆ ಓಟದಲ್ಲಿ ಅವನು ಎದುರಾಳಿಗಿಂತ ನಲವತ್ತೊಂದು ಸೆಕೆಂಡು ಬೇಗ ಮುಗಿಸಿದ. ಬೇಕಾಗಿದ್ದದ್ದು ಐವತ್ತು. ಒಂಬತ್ತು ಸೆಕೆಂಡಿನಿಂದ ಎರಡನೆಯವನಾದ. ಆ ಒಂಬತ್ತೂ ಕುರಿಯ ದಿಣ್ಣೆಯಲ್ಲಿ ಹೋದವೆಂದು ಕೆಲವರು ಹೇಳುತ್ತಾರೆ. ಅಲ್ಲಿ ಯಾರ ಬಳಿಯೂ ಗಡಿಯಾರ ಇರಲಿಲ್ಲ. ಆದ್ದರಿಂದ ನಾನು ಹಾಗೆ ಹೇಳಲಾರೆ.

ಸಂಜೆ ಅಧಿಕಾರಿಗಳ ಸಭೆಯಲ್ಲಿ ನನ್ನ ಷರಾ ಓದಿದರು. ಮೈಸೂರಿನ ಮುಖ್ಯಾಧಿಕಾರಿಗಳು ಕನ್ನಡಕ ತೆಗೆದು, "ಇದನ್ನ ಸಹಾಯ ಅಂತ ಯಾವ ಬಾಯಲ್ಲಿ ಹೇಳೋದು ಸ್ವಾಮಿ?" ಎಂದರು. ಹೊರಗಟ್ಟಲಿಲ್ಲ. ಮೂರು ನಿಮಿಷ ಮಾತ್ರ ಹಾಗೆಯೇ ಉಳಿಯಿತು. ಗಾಲಿ ದಾಟಿದ್ದು ದಾಟಿದ್ದೇ.

ಮುಂದಿನ ವರ್ಷ ಕಂಪನಿ ಗಾಡಿ ಕೊಡಲಿಲ್ಲ. ಮಾಳಿಂಗಪ್ಪ ಎರಡು ಮೂರು ವರ್ಷ ಅವರಿವರ ಗಾಡಿಗಳಲ್ಲಿ ಓಡಿಸಿ, ಬಿಟ್ಟ. ಈಗ ಬಾಗಲಕೋಟೆಯ ನವನಗರದಲ್ಲಿ ಅವನದೊಂದು ಗ್ಯಾರೇಜಿದೆ. ಮೂರನೆಯ ಪಟ್ಟ ಅವನಿಗೆ ಸಿಗಲಿಲ್ಲ. ಅಮೀನಗಡದ ಅಂಗಡಿಯವರಿಗೆ ನಾನು ಹೇಳದೆ ಬಂದ ಮಾತು ಇದು. ಯಮನಪ್ಪನವರು ಎರಡು ವರ್ಷದ ಹಿಂದೆ ತೀರಿಕೊಂಡರು. ಬರೆಯುವ ಮುನ್ನ ಮಾಳಿಂಗಪ್ಪನನ್ನು ಕೇಳಿದೆ. "ಮಾಮಾ ಹೋದ್ರು. ಇನ್ನ ಬರೀರಿ ಕಾಕಾ" ಅಂದ.

ಆದರೆ ಅಂದು ನಾನು ಸುಮ್ಮನಿರುವವನಾಗಿರಲಿಲ್ಲ. ಪಂದ್ಯವಾಗಿ ಒಂದೂವರೆ ತಿಂಗಳಿಗೆ, ಸಂಕ್ರಾಂತಿ ಕಳೆದ ಮೇಲೆ, ಇಳಕಲ್ಲಿನ ಸಂತೆಗೆ ಬಂದ ಬೇವೂರಿನವರೊಬ್ಬರು ಮಾಳಿಂಗಪ್ಪ ಪಟ್ಟ ಗೆದ್ದನೆಂದೂ ಊರಲ್ಲಿ ಬಹುಮಾನದ ಬೆಳ್ಳಿಯ ಕಪ್ಪು ಇಟ್ಟಿದ್ದಾರೆಂದೂ ನನ್ನೆದುರೇ ಹೇಳಿದರು. ಅಲ್ಲವೆಂದೆ. ಹೌದೆಂದರು. ಆ ದಿನದ ಲೆಕ್ಕವನ್ನೆಲ್ಲ ನಕಲು ಮಾಡಿಟ್ಟಿದ್ದ ನನ್ನ ಟಿಪ್ಪಣಿ ಪುಸ್ತಕವನ್ನು ಜೇಬಿಗಿಟ್ಟುಕೊಂಡು ಮರುದಿನವೇ ಬೇವೂರಿಗೆ ಬಸ್ಸು ಹತ್ತಿದೆ. ಹೊಲಗಳಲ್ಲಿ ಜೋಳ ತೆನೆ ಬಿಟ್ಟಿತ್ತು. ದಾರಿಯುದ್ದಕ್ಕೂ ಹಾಲುಗಾಳಿನ ವಾಸನೆ.

ಯಮನಪ್ಪನವರು ಪಡಸಾಲೆಯಲ್ಲಿ ಕಂಬಳಿ ಹಾಸಿ ಕೂರಿಸಿದರು. ಮಾಳಿಂಗಪ್ಪನೂ ಬಂದಿದ್ದ. ದೇವರ ಮಾಡದ ಪಕ್ಕದಲ್ಲಿ ಆ ಬೆಳ್ಳಿಯ ಕಪ್ಪು ಇತ್ತು; ಅದರ ಬುಡದಲ್ಲಿ ಇಂಗ್ಲಿಷಿನಲ್ಲಿ ಎರಡನೆಯ ಸ್ಥಾನವೆಂದು ಕೊರೆದಿತ್ತು. ಆ ಮನೆಯಲ್ಲಿ ಅದನ್ನು ಓದಬಲ್ಲವನು ಮಾಳಿಂಗಪ್ಪನೊಬ್ಬನೇ. ಎದುರಿಗೆ ರೊಟ್ಟಿ, ಎಣ್ಣೆಗಾಯಿ, ಗುರೆಳ್ಳು ಹಿಂಡಿ ಬಂದವು. ಓಣಿಯ ಹತ್ತು ಹನ್ನೆರಡು ಜನ ಬಾಗಿಲಲ್ಲಿ ನೆರೆದರು. ಮುದುಕರು ನನ್ನ ಮುಂದೆ ಎರಡೂ ಅಂಗೈ ಬಿಚ್ಚಿ ಹಿಡಿದರು.

"ಈ ಕೈ ನೋಡ್ರಿ ಸಾಹೇಬ್ರ. ಇಂವನ್ನ ಸಣ್ಣಾಂವ ಇದ್ದಾಗ ಟ್ರ್ಯಾಕ್ಟರ್ ಮ್ಯಾಲ ಎತ್ತಿ ಕುಂದರಿಸಿದ್ದೂ ಇವ ಕೈ, ಅವತ್ತ ಗಾಡಿ ನೂಕಿದ್ದೂ ಇವ ಕೈ. ಆ ಹೊತ್ತಿಗೆ ನಾವು ನೂಕಲಿಲ್ಲಂದ್ರ ಇಂವ ಅಲ್ಲೇ ನಿಂತ್ಕೋತಿದ್ದ. ಹೌದಲ್ಲಲೇ?"

"ಹೌದ ಮಾಮಾ" ಅಂದ ಮಾಳಿಂಗಪ್ಪ. ರೊಟ್ಟಿ ಮುರಿಯುತ್ತಿದ್ದ ಅವನ ಕೈ ನಿಂತಿತ್ತು. ಅವನು ನನ್ನ ಜೇಬನ್ನು ನೋಡುತ್ತಿದ್ದ.

"ಇವರೆಲ್ಲಾ ನನ್ನ ಮಾತ ನಂಬಾಂಗಿಲ್ಲರಿ, ಮುದುಕ ಬಡಾಯಿ ಹೊಡೀತಾನ ಅಂತಾರ. ನೀವು ಗಡಿಯಾರ ಹಿಡದ ಕುಂತಿದ್ರಿ. ಬರದೀರಿ. ನೀವ ಹೇಳ್ರಿ ಇವರಿಗೆ. ನಾವು ನೂಕಿದ್ದಕ್ಕ ಗಾಡಿ ಎಷ್ಟ ಲಗೂ ಮುಟ್ಟಿತು?"

ನಾನು ಪುಸ್ತಕ ತೆಗೆದೆ. ಆ ಪುಟ ಹುಡುಕಿದೆ. ಸುಳ್ಳು ಹೇಳಲು ಬಂದವನಲ್ಲ ನಾನು, ಹೇಳಲೂ ಇಲ್ಲ.

"ಮೂರ ನಿಮಿಷರಿ."

"ಮೂರ ನಿಮಿಷ!" ಮುದುಕರು ಬಾಗಿಲಿನ ಕಡೆ ತಿರುಗಿದರು. "ಕೇಳಿದ್ರ್ಯಾ? ಬುಕ್ಕಿನ್ಯಾಗ ಬರದಾರ! ಪೂರಾ ಮೂರ ನಿಮಿಷ!"

ಹೊರಗಿನಿಂದ ಯಾರೋ, ಇನ್ನೊಮ್ಮೆ ಓದಿರೆಂದು ಕೂಗಿದರು. ಇನ್ನೊಮ್ಮೆ ಓದಿದೆ. ಅದರ ಕೆಳಗೆ ದಂಡದ್ದೊಂದು, ಎರಡನೆಯ ಸ್ಥಾನದ್ದೊಂದು, ಇನ್ನೂ ಎರಡು ಸಾಲುಗಳಿದ್ದವು. ಪುಸ್ತಕ ಮುಚ್ಚಿದೆ.

ಮಾಳಿಂಗಪ್ಪ ಬುಟ್ಟಿಯನ್ನು ನನ್ನ ಕಡೆ ಸರಿಸಿದ. "ಕಾಕಾ, ಇನ್ನೊಂದ ರೊಟ್ಟಿ ತಗೋರಿ" ಅಂದ. ತಗೊಂಡೆ.